ಕಲ್ಲು ಸಿಮೆಂಟಾದ ಸೀಮೆಯಲ್ಲಿ ಅಳತೆಯ ಚರಿತ್ರೆ

ಭೀಮಾ ನದಿಯೂ ಅದರ ಉಪನದಿಯಾದ ಕಾಗಿಣೆಯೂ ಹರಿಯುವ ಕಲಬುರಗಿ ಜಿಲ್ಲೆಯ ಬಯಲಿನಲ್ಲಿ, ಶಹಾಬಾದು, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಊರುಗಳನ್ನೂ, ಸೇಡಂ ತಾಲ್ಲೂಕಿನ ಆಡಕಿ, ಕೋಡ್ಲಾ, ಮಳಖೇಡ ಮೊದಲಾದ ಗ್ರಾಮಗಳನ್ನೂ ಒಳಗೊಂಡ ಒಂದು ಸೀಮೆಯುಂಟು. ಮೇಲೆ ತೊಗರಿಯನ್ನೂ ಜೋಳವನ್ನೂ ಬೆಳೆಯುವ ಎರೆಮಣ್ಣು, ಕೆಳಗೆ ಹಾಸುಹಾಸಾಗಿ ಮಲಗಿರುವ ಸುಣ್ಣಕಲ್ಲು: ಈ ಎರಡೇ ಅಲ್ಲಿಯ ಜನರ ಬಾಳಿಗೆ ಆಧಾರ. ಕಳೆದ ನೂರು ವರ್ಷಗಳಲ್ಲಿ ಈ ಸೀಮೆ ಭಾರತದ ದೊಡ್ಡ ಸಿಮೆಂಟು ಕ್ಷೇತ್ರಗಳಲ್ಲಿ ಒಂದಾಯಿತು. ಆ ಕಥೆಯನ್ನು ಹೇಳುವವರು ಯಾವ ಇಸವಿಯಲ್ಲಿ ಯಾವ ಕಾರ್ಖಾನೆ ನಿಂತಿತು, ಯಾರು ಬಂಡವಾಳ ಹೂಡಿದರು, ವರ್ಷಕ್ಕೆ ಎಷ್ಟು ಲಕ್ಷ ಟನ್ನು ಮಾಲು ಹೊರಟಿತು ಎಂಬುದನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಕಲ್ಲನ್ನು ಒಡೆದು, ಅರೆದು, ಸುಟ್ಟಮಾತ್ರಕ್ಕೆ ಅದು ಸಿಮೆಂಟಾಗುವುದಿಲ್ಲ. ಅಹೋರಾತ್ರಿ ನಿಲ್ಲದೆ ಹರಿಯುವ ಆ ದ್ರವ್ಯಪ್ರವಾಹದಲ್ಲಿ ಸುಣ್ಣವೆಷ್ಟು, ಮರಳಿನ ಅಂಶವೆಷ್ಟು, ತೇವವೆಷ್ಟು, ಕಾವೆಷ್ಟು, ನುಣುಪೆಷ್ಟು ಎಂಬುದನ್ನು ಗಳಿಗೆಗಳಿಗೆಗೂ ಅಳೆದು, ಅಳೆದುದಕ್ಕೆ ತಕ್ಕಂತೆ ಪ್ರವಾಹವನ್ನು ತಿದ್ದಿದಾಗ ಮಾತ್ರ ಅದು ನಂಬತಕ್ಕ ವಸ್ತುವಾಗುತ್ತದೆ. ಈ ಅಳತೆಯ ಚರಿತ್ರೆಯೇ ಈ ಉದ್ಯಮದ ನಿಜವಾದ ಚರಿತ್ರೆಯೆಂದು ನಾನು ನಂಬಿರುವುದರಿಂದ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಮೊದಲು ಕಲ್ಲಿನ ವಿಷಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಲಿಯಂ ಕಿಂಗ್, ರಾಬರ್ಟ್ ಬ್ರೂಸ್ ಫೂಟ್ ಮೊದಲಾದ ಭೂವಿಜ್ಞಾನಿಗಳು ಈ ಪ್ರದೇಶದ ಶಿಲಾಸ್ತರಗಳನ್ನು ಶೋಧಿಸಿದರು. ಅವಕ್ಕೆ ಭೀಮಾ ನದಿಯ ಹೆಸರೇ ನಿಂತಿತು. ಅವುಗಳಲ್ಲಿ ಪ್ರಧಾನವಾದ ಸುಣ್ಣಕಲ್ಲಿನ ಸ್ತರ ಶಹಾಬಾದಿನ ಹೆಸರನ್ನು ಪಡೆಯಿತು. ಬೂದು, ನೀಲಿ ಮಿಶ್ರಿತ ಬೂದು, ಕೆಲವೆಡೆ ಕೆನ್ನೀಲಿ ಛಾಯೆಯ ಈ ಕಲ್ಲು ತೆಳುವಾದ ಪದರಗಳಾಗಿ ಸಲೀಸಾಗಿ ಬಿಡಿಸಿಕೊಳ್ಳುವುದರಿಂದ, ಫರ್ಸಿಯೆಂಬ ಹೆಸರಿನಲ್ಲಿ ಅದು ದಕ್ಷಿಣದೇಶದ ಅಸಂಖ್ಯ ಮನೆಗಳ ನೆಲಕ್ಕೂ ರೈಲು ನಿಲ್ದಾಣಗಳ ಜಗಲಿಗೂ ಹಾಸುಗಲ್ಲಾಯಿತು. ಹಾಸುಗಲ್ಲಾಗುವುದಕ್ಕೆ ಪದರ ಸಮನಾಗಿದ್ದರೆ ಸಾಕು; ಸಿಮೆಂಟಾಗುವುದಕ್ಕೆ ರಸಾಯನಗುಣವೂ ಸಮನಾಗಿರಬೇಕು. ಪದರದಿಂದ ಪದರಕ್ಕೆ ಸುಣ್ಣದ ಪ್ರಮಾಣವೂ ಜೇಡಿಯ ಪ್ರಮಾಣವೂ ಬದಲಾಗುತ್ತಿರುವ ಕಲ್ಲಿನಲ್ಲಿ ಆ ಸಮತೆ ತಾನಾಗಿ ಇರುವುದಿಲ್ಲ, ಮನುಷ್ಯನೇ ಅದನ್ನು ತರಬೇಕು. ಅಳತೆಯ ಅಗತ್ಯ ಹುಟ್ಟುವುದು ಇಲ್ಲಿಯೇ.

ಸಿಮೆಂಟು ಬರುವುದಕ್ಕೆ ಶತಮಾನಗಳ ಮೊದಲೇ ಈ ನಾಡಿನವರು ಕಲ್ಲನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ, ಅಂದರೆ ಇಂದಿನ ಮಳಖೇಡದ, ಕಾಗಿಣಾ ತೀರದ ಕೋಟೆಯಾಗಲಿ, 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಯಾಗಲಿ, ಗಾರೆಯ ಕೆಲಸವನ್ನು ಬಲ್ಲ ಜನರಿಲ್ಲದೆ ನಿಲ್ಲುತ್ತಿರಲಿಲ್ಲ. ಸುಣ್ಣದ ಭಟ್ಟಿಯವನಿಗೂ ಪರೀಕ್ಷೆಗಳಿದ್ದವು. ಸುಟ್ಟ ಕಲ್ಲಿನ ತೂಕ ಎಷ್ಟು ಇಳಿದಿದೆಯೆಂದು ಅಂಗೈಯಲ್ಲಿ ತೂಗಿ ನೋಡುವುದು, ನೀರು ಚಿಮುಕಿಸಿ ಅದು ಸುಯ್ಯೆಂದು ಕಾದು ಅರಳುವ ಬಗೆಯನ್ನು ಕಾಣುವುದು, ಅರಳದೆ ಉಳಿದ ಗಟ್ಟಿಗಳನ್ನು ಆರಿಸಿ ತೆಗೆಯುವುದು, ಗಾಣದಲ್ಲಿ ಅರೆದ ಗಾರೆಯನ್ನು ಬೆರಳುಗಳ ನಡುವೆ ತಿಕ್ಕಿ ಹದ ನೋಡುವುದು, ಇವೆಲ್ಲವೂ ಅಳತೆಗಳೇ. ಅವುಗಳ ಹಿಂದೆ ತಲೆಮಾರುಗಳ ಅನುಭವವಿತ್ತು. ಆದರೆ ಅವೆಲ್ಲ ಭಟ್ಟಿ ಆರಿದ ಮೇಲಣ ಪರೀಕ್ಷೆಗಳು. ಒಂದು ಭಟ್ಟಿ ಕೆಟ್ಟರೆ ಆ ಸುಣ್ಣ ಹೋಯಿತು, ಮುಂದಿನ ಭಟ್ಟಿಯಲ್ಲಿ ಜಾಗರೂಕತೆ ಬಂದಿತು. ಕೆಲಸ ಅಷ್ಟಕ್ಕೆ ನಡೆಯುತ್ತಿತ್ತು.

ಗಾರೆಯ ಗುಣವನ್ನು ರಸಾಯನಮಾರ್ಗದಿಂದ ತಿಳಿಯುವ ಪ್ರಯತ್ನ ಇಂಗ್ಲೆಂಡಿನಲ್ಲಿ ಜಾನ್ ಸ್ಮೀಟನ್ ಎಂಬ ಎಂಜಿನಿಯರನಿಂದ ಮೊದಲಾಯಿತು. 1756ರಲ್ಲಿ ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟುವ ಹೊಣೆ ಹೊತ್ತ ಆತ, ನೀರಿನೊಳಗೂ ಗಟ್ಟಿಯಾಗುವ ಸುಣ್ಣ ಯಾವುದೆಂದು ಹುಡುಕುತ್ತ, ನಾನಾ ಕಡೆಯ ಸುಣ್ಣಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿ, ಕರಗದೆ ತಳದಲ್ಲಿ ಉಳಿದ ಜೇಡಿಯನ್ನು ಪರೀಕ್ಷಿಸಿದನು. ಜೇಡಿಯಿರುವ ಕಲ್ಲಿನ ಸುಣ್ಣವೇ ನೀರಿನಲ್ಲಿ ನಿಲ್ಲುವುದೆಂದು ಕಂಡುಕೊಂಡನು. ಫ್ರಾನ್ಸಿನ ಲೂಯಿ ವಿಕಾ ಮುಂದಿನ ಶತಮಾನದ ಆದಿಯಲ್ಲಿ ಆ ಜೇಡಿಯನ್ನು ತಕ್ಕ ಪ್ರಮಾಣದಲ್ಲಿ ಮನುಷ್ಯನೇ ಬೆರೆಸಬಹುದೆಂದು ತೋರಿಸಿಕೊಟ್ಟನು. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟೆಂದು ತಾನು ಹೆಸರಿಟ್ಟ ವಸ್ತುವಿಗೆ ಪೇಟೆಂಟು ಪಡೆದನು. ಆದರೂ ಆಗಿನ ಕುಲುಮೆಗಳು ನಮ್ಮ ಸುಣ್ಣದ ಭಟ್ಟಿಗಳಂತೆ ತುಂಬಿ, ಸುಟ್ಟು, ಆರಿಸಿ, ತೆಗೆಯುವ ಕುಲುಮೆಗಳೇ ಆಗಿದ್ದವು. 1885ರಲ್ಲಿ ಫ್ರೆಡರಿಕ್ ರ‍್ಯಾನ್ಸಮ್ ಎಂಬವನು ಓರೆಯಾಗಿ ಮಲಗಿ ಮೆಲ್ಲನೆ ಉರುಳುವ ಕೊಳವೆಯ ಕಿಲ್ನಿಗೆ ಪೇಟೆಂಟು ಪಡೆದಂದಿನಿಂದ ಸ್ಥಿತಿ ಬೇರೆಯಾಯಿತು. ಮೇಲಿನ ತುದಿಯಲ್ಲಿ ಕಚ್ಚಾದ್ರವ್ಯ ಸುರಿಯುತ್ತದೆ, ಕೆಳಗಿನ ತುದಿಯಲ್ಲಿ ಉರಿ. ನಡುವೆ ದ್ರವ್ಯ ಉರುಳುತ್ತ ಇಳಿದು, ಒಣಗಿ, ಅಂಗಾರಾಮ್ಲವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು, ಕಳೆದುಕೊಂಡು, ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅರೆಕರಗಿ ಗುಂಡುಗುಂಡಾದ ಕ್ಲಿಂಕರಾಗಿ ಹೊರಬೀಳುತ್ತದೆ. ಇಲ್ಲಿ ಆರಿಸಿ ನೋಡುವ ಬಿಡುವಿಲ್ಲ. ಕಿಲ್ನು ನಿಂತರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಕಲ್ಲಿದ್ದಲು ನಷ್ಟವಾಗುತ್ತದೆ. ಆದುದರಿಂದ ಹರಿಯುತ್ತಿರುವಾಗಲೇ ತಿಳಿಯಬೇಕು, ತಿಳಿದೊಡನೆ ತಿದ್ದಬೇಕು. ನಿರಂತರ ಪ್ರವಾಹ ನಿರಂತರ ಅಳತೆಯನ್ನು ಬೇಡಿತು.

ಈ ಹೊಸ ವಿದ್ಯೆ ನಮ್ಮ ಸೀಮೆಗೆ ಬಂದುದು ರೈಲಿನ ಮೂಲಕ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲುದಾರಿ ತೆರೆಯಿತು. ಹಾಗೆ ವಾಡಿ ಜಂಕ್ಷನ್ ಆದುದರಿಂದ, ಪೂರ್ವದಲ್ಲಿ ಸಿಂಗರೇಣಿಯ ಕಲ್ಲಿದ್ದಲಿಗೂ ಪಶ್ಚಿಮದಲ್ಲಿ ಮುಂಬಯಿಯ ಮಾರುಕಟ್ಟೆಗೂ ಈ ಕಲ್ಲಿನ ನೆಲ ಸಮೀಪವಾಯಿತು. 1914ರಲ್ಲಿ ಪೋರಬಂದರದಲ್ಲಿ ಭಾರತದ ಸಿಮೆಂಟು ಉದ್ಯಮ ಭದ್ರವಾಗಿ ತಳವೂರಿದ ಬಳಿಕ, 1920ರ ದಶಕದಲ್ಲಿ, ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಶಹಾಬಾದಿನಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯ ಕಾರ್ಖಾನೆ ಎದ್ದಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್, ಅಂದರೆ ಜನರ ಬಾಯಲ್ಲಿ ಎ.ಸಿ.ಸಿ., ಆದಾಗ ಶಹಾಬಾದು ಅವುಗಳಲ್ಲೊಂದಾಗಿತ್ತು.

ಆ ಕಾಲದ ಭಾರತೀಯ ಕಾರ್ಖಾನೆಗಳು ಬಹುಮಟ್ಟಿಗೆ ಆರ್ದ್ರವಿಧಾನವನ್ನು ಅನುಸರಿಸುತ್ತಿದ್ದವು. ಕಲ್ಲನ್ನೂ ಜೇಡಿಯನ್ನೂ ನೀರು ಬೆರೆಸಿ ಅರೆದು, ನೂರಕ್ಕೆ ಮೂವತ್ತೈದು ನಲವತ್ತು ಭಾಗ ನೀರಿರುವ ಸ್ಲರಿಯೆಂಬ ಮಂದವಾದ ರಾಡಿಯನ್ನು ಮಾಡಿ, ದೊಡ್ಡ ತೊಟ್ಟಿಗಳಲ್ಲಿ ಕಲಕುತ್ತ ಇಟ್ಟು, ಅಲ್ಲಿಂದ ಕಿಲ್ನಿಗೆ ಹರಿಸುವುದು ಈ ಪದ್ಧತಿ. ನೀರನ್ನು ಹಾರಿಸುವುದಕ್ಕೆ ಅಪಾರವಾಗಿ ಕಲ್ಲಿದ್ದಲು ವ್ಯಯವಾಗುತ್ತಿದ್ದರೂ, ಜನರು ಈ ಪದ್ಧತಿಯನ್ನು ಬಿಡದಿದ್ದುದಕ್ಕೆ ಮುಖ್ಯ ಕಾರಣ ಅಳತೆಯ ಸೌಕರ್ಯ. ರಾಡಿ ಚೆನ್ನಾಗಿ ಬೆರೆಯುತ್ತದೆ. ತೊಟ್ಟಿಯಲ್ಲಿ ಅದು ತಂಗಿರುವಷ್ಟು ಹೊತ್ತೂ ರಸಾಯನಶಾಲೆಗೆ ಪರೀಕ್ಷೆಗೆ ಸಮಯ ಸಿಗುತ್ತದೆ. ತಪ್ಪಿದ್ದರೆ ಉರಿಗೆ ಹೋಗುವ ಮುನ್ನವೇ ತಿದ್ದಬಹುದು. ಅಳತೆ ನಿಧಾನವಾಗಿದ್ದ ಕಾಲದಲ್ಲಿ ಕಲ್ಲಿದ್ದಲನ್ನು ತೆತ್ತು ಸಮಯವನ್ನು ಕೊಂಡರೆಂದರೆ ಸರಿಯಾದೀತು.

ತಿದ್ದಬೇಕಾದುದೇನು? ಒಣಗಿದ ಕಚ್ಚಾಮಿಶ್ರಣದಲ್ಲಿ ಸುಣ್ಣದ ಕಾರ್ಬೊನೇಟು ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತಾರರಿಂದ ಎಂಬತ್ತರವರೆಗೆ ಇರಬೇಕು. ಉಳಿದುದು ಮರಳಿನಂಶವಾದ ಸಿಲಿಕಾ, ಅಲ್ಯುಮಿನ, ಕಬ್ಬಿಣದ ಆಕ್ಸೈಡು ಮೊದಲಾದುವು. ಸುಣ್ಣ ಕಡಿಮೆಯಾದರೆ ಸಿಮೆಂಟು ದುರ್ಬಲ. ಹೆಚ್ಚಾದರೆ ಉಳಿದವುಗಳೊಡನೆ ಕೂಡದೆ ಬಿಡಿಸುಣ್ಣವಾಗಿ ಉಳಿದು, ಗೋಡೆ ಎದ್ದು ಎಷ್ಟೋ ದಿನಗಳ ಮೇಲೆ ಒಳಗೊಳಗೇ ಅರಳಿ, ಗಟ್ಟಿಯಾದ ಕಾಂಕ್ರೀಟನ್ನು ಬಿರಿಯುತ್ತದೆ. ಕಣ್ಣಂದಾಜಿಗೆ ಇದು ಸಿಗುವಂಥದಲ್ಲ. ಕಾರ್ಬೊನೇಟಿನಲ್ಲಿ ನೂರಕ್ಕೆ ಒಂದು ಭಾಗ ಏರುಪೇರಾದರೂ, ಕ್ಲಿಂಕರಿನ ಬಲಕ್ಕೆ ಕಾರಣವಾದ ಮುಖ್ಯ ಸಂಯುಕ್ತದ ಪ್ರಮಾಣ ನೂರಕ್ಕೆ ಹತ್ತು ಭಾಗಕ್ಕೂ ಮಿಕ್ಕಿ ಬದಲಾಗುತ್ತದೆ.

ಇದನ್ನು ಅಳೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡುವುದು ಯೋಗ್ಯ. ಪಾಳಿಯ ಕೆಲಸಗಾರ ಗೊತ್ತಾದ ಹೊತ್ತಿಗೆ ಅರೆಯುವ ಮಿಲ್ಲಿನ ಬಾಯಿಂದ ಸ್ಯಾಂಪಲ್ ಹಿಡಿದು ರಸಾಯನಶಾಲೆಗೆ ತರುತ್ತಾನೆ. ಅದನ್ನು ಒಣಗಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ಇಷ್ಟೇ ಎಂದು ತೂಗಿ, ಗಾಜಿನ ಪಾತ್ರೆಗೆ ಹಾಕಿ, ಬಲ ಗೊತ್ತಿರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳೆದು, ಬೇಕಾದುದಕ್ಕಿಂತ ಮಿಗಿಲಾಗಿಯೇ ಸುರಿಯುತ್ತಾರೆ. ಕಾರ್ಬೊನೇಟು ನೊರೆಗರೆದು ಕರಗುತ್ತದೆ. ಕುದಿಸಿದಾಗ ಅಂಗಾರಾಮ್ಲ ವಾಯು ಪೂರ್ತಿ ಹೊರಟುಹೋಗುತ್ತದೆ. ಉಳಿದ ಆಮ್ಲವೆಷ್ಟೆಂದು ತಿಳಿಯಲು ಫಿನಾಲ್ಫ್ತಲೀನಿನ ಒಂದೆರಡು ಹನಿ ಬೆರೆಸಿ, ಬ್ಯುರೆಟ್ಟಿನಿಂದ ಕ್ಷಾರದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತಾರೆ. ಕಡೆಗೊಂದು ತೊಟ್ಟು ಬಿದ್ದಾಗ ಬಣ್ಣವಿಲ್ಲದ ದ್ರವ ನಸುಗೆಂಪಾಗಿ, ಆ ಬಣ್ಣ ಅಲುಗಿಸಿದರೂ ಹೋಗದೆ ನಿಲ್ಲುತ್ತದೆ. ಹಾಕಿದ ಆಮ್ಲದಿಂದ ಉಳಿದ ಆಮ್ಲವನ್ನು ಕಳೆದರೆ ಕಲ್ಲು ತಿಂದ ಆಮ್ಲ. ಅದರಿಂದ ಕಾರ್ಬೊನೇಟಿನ ಲೆಕ್ಕ. ಗಳಿಗೆಯೊಳಗೆ ಮುಗಿಯುವ ಈ ಪರೀಕ್ಷೆ ಹಗಲೂ ಇರುಳೂ, ಹಬ್ಬದಲ್ಲೂ ಮಳೆಯಲ್ಲೂ ತಪ್ಪದೆ ನಡೆದು, ಅದರ ಫಲ ರಿಜಿಸ್ಟರಿನ ಗೆರೆಗಳ ನಡುವೆ ಅಂಕಿಯಾಗಿ ಕುಳಿತಿತು. ಸಿಮೆಂಟಿನ ಚೀಲದ ಮೇಲಿನ ಮುದ್ರೆಗೆ ಬಂದ ಬೆಲೆ ಇಂತಹ ಅಂಕಿಗಳಿಂದ ಬಂದುದು.

ಆದರೆ ಬ್ಯುರೆಟ್ಟು ಎಷ್ಟೇ ನಿಖರವಾಗಿದ್ದರೂ ಸ್ಯಾಂಪಲ್ ಸುಳ್ಳಾದರೆ ಫಲವೂ ಸುಳ್ಳೇ. ಗಂಟೆಗೆ ಹತ್ತಾರು ಟನ್ನು ಹರಿಯುವ ದ್ರವ್ಯಕ್ಕೆ ಒಂದು ಗ್ರಾಮಿನಷ್ಟು ಪುಡಿ ಸಾಕ್ಷಿ ಹೇಳಬೇಕು. ಗುಡ್ಡೆಯ ಮೇಲಿಂದ ಬಾಚಿದರೆ ದಪ್ಪ ಹರಳು ಬರುತ್ತದೆ, ಮೂಲೆಯಿಂದ ತೆಗೆದರೆ ನುಣುಪು ಪುಡಿ ಬರುತ್ತದೆ. ಎರಡೂ ಇಡೀ ರಾಶಿಯ ಪ್ರತಿನಿಧಿಗಳಲ್ಲ. ಅದಕ್ಕಾಗಿ ರಾಶಿಯನ್ನು ಶಂಕುವಿನಾಕಾರವಾಗಿ ಸುರಿದು, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡುವ, ಮತ್ತೆ ಮತ್ತೆ ಹಾಗೆಯೇ ಮಾಡುವ ಕ್ರಮ ನೆಲೆಗೊಂಡಿತು. ಖಣಿಯಲ್ಲಿ ಸಿಡಿಮದ್ದು ಇಡುವುದಕ್ಕೆ ತೋಡಿದ ರಂಧ್ರಗಳಿಂದ ಹೊರಬಂದ ಪುಡಿಯನ್ನೇ ತಂದು ಪರೀಕ್ಷಿಸಿ, ಯಾವ ಬದಿಯ ಕಲ್ಲನ್ನು ಯಾವುದರೊಡನೆ ಬೆರೆಸಬೇಕೆಂದು ಮೊದಲೇ ನಿರ್ಣಯಿಸುವ ಪದ್ಧತಿಯೂ ಬಂದಿತು. ಸ್ಯಾಂಪಲ್ ತಂದವನ ಪ್ರಾಮಾಣಿಕತೆಯ ಮೇಲೆ ಮುಖ್ಯ ರಸಾಯನಜ್ಞನ ವಿದ್ಯೆಯೆಲ್ಲ ನಿಂತಿತ್ತೆಂಬುದನ್ನು ಮರೆಯಲಾಗದು.

ತೊಟ್ಟಿಯನ್ನು ತಿದ್ದುವ ಲೆಕ್ಕ ಇನ್ನೊಂದು ಕಾರಣದಿಂದಲೂ ಈ ಸೀಮೆಗೆ ಸಲ್ಲತಕ್ಕದ್ದು. ಒಂದು ತೊಟ್ಟಿಯಲ್ಲಿ ಕಾರ್ಬೊನೇಟು ನೂರಕ್ಕೆ 78, ಇನ್ನೊಂದರಲ್ಲಿ 75, ಬೇಕಾದುದು 77. ಆಗ ಮೊದಲನೆಯದರಿಂದ ಎರಡು ಪಾಲನ್ನೂ ಎರಡನೆಯದರಿಂದ ಒಂದು ಪಾಲನ್ನೂ ಬೆರೆಸಬೇಕು. ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ಶುದ್ಧಿಯ, ಚಿನ್ನಗಳನ್ನು ಕರಗಿಸಿ ಬೇಕಾದ ಶುದ್ಧಿಗೆ ತರುವ ಅಕ್ಕಸಾಲಿಗನ ಲೆಕ್ಕವೂ ಇದೇ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಸುವರ್ಣಕುಟ್ಟೀಕಾರವೆಂಬ ಭಾಗವೇ ಈ ಲೆಕ್ಕಗಳಿಗೆ ಮೀಸಲಾಗಿದೆ. ಆ ಗ್ರಂಥದ ಆರಂಭದಲ್ಲಿ ಆಚಾರ್ಯನು ಸ್ತುತಿಸುವ ದೊರೆ ಅಮೋಘವರ್ಷ ನೃಪತುಂಗ. ಆ ದೊರೆಯ ರಾಜಧಾನಿ ಮಾನ್ಯಖೇಟ. ಇಂದು ಮಳಖೇಡದ ಬಳಿಯಲ್ಲಿಯೇ ದೊಡ್ಡದೊಂದು ಸಿಮೆಂಟು ಕಾರ್ಖಾನೆಯಿದೆ. ಸಾವಿರದ ನೂರು ವರ್ಷಗಳ ಹಿಂದೆ ಈ ನೆಲದ ದೊರೆಯ ಆಶ್ರಯದಲ್ಲಿ ಗೌರವ ಪಡೆದ ಗಣಿತ, ಇಂದು ಈ ನೆಲದ ಕಲ್ಲನ್ನೇ ತಿದ್ದುತ್ತಿರುವುದು ಹೆಮ್ಮೆಪಡತಕ್ಕ ಸಂಗತಿ.

ಮಿಶ್ರಣ ಸರಿಯಾದ ಬಳಿಕ ಉರಿಯ ಸರದಿ. ಕಿಲ್ನಿನ ಬಾಯಲ್ಲಿ ನಿಲ್ಲುವ ಬರ್ನರನು ಬಹುಕಾಲ ಈ ಉದ್ಯಮದ ಪರಮ ಪ್ರಮಾಣವಾಗಿದ್ದನು. ಗಾಢ ನೀಲಿಗಾಜನ್ನು ಕಣ್ಣಿಗೆ ಹಿಡಿದು, ಬಿಳಿದಾಗಿ ಉರಿಯುವ ಜ್ವಾಲೆಯ ಆಚೆಗೆ ಆತ ನೋಡುತ್ತಿದ್ದುದು ಹಲವು: ದ್ರವ್ಯ ಉರುಳುವಾಗ ಗೋಡೆಯ ಮೇಲೆ ಎಷ್ಟೆತ್ತರ ಏರಿ ಬೀಳುತ್ತದೆ, ಗುಂಡುಗಳು ಎಷ್ಟು ದಪ್ಪವಾಗಿವೆ, ಬೇಯದ ಕಪ್ಪು ರಾಶಿ ಎಷ್ಟು ಸಮೀಪಕ್ಕೆ ಬಂದಿದೆ, ಇಟ್ಟಿಗೆಯ ಮೇಲಿನ ಲೇಪ ಕಳಚುತ್ತಿದೆಯೋ ಇಲ್ಲವೋ. ಸರಿಯಾಗಿ ಬೆಂದ ದ್ರವ್ಯ ಅಂಟಿಕೊಂಡು ಎತ್ತರಕ್ಕೆ ಏರುತ್ತದೆ. ಕಾವು ಸಾಲದ ದ್ರವ್ಯ ಪುಡಿಪುಡಿಯಾಗಿ ಕೆಳಗೇ ಜಾರುತ್ತದೆ. ಇದನ್ನು ಕಂಡೊಡನೆ ಕಲ್ಲಿದ್ದಲಿನ ಪುಡಿಯನ್ನೋ ಗಾಳಿಯನ್ನೋ ಕಿಲ್ನಿನ ವೇಗವನ್ನೋ ಬದಲಿಸುವುದು ಆತನ ಕೆಲಸ. ಬಣ್ಣದಿಂದ ಶಾಖವನ್ನು ಅಳೆಯುವ ಆ ಕಣ್ಣು ಪುಸ್ತಕದಿಂದ ಬಂದುದಲ್ಲ. ಹಿರಿಯ ಬರ್ನರನ ಪಕ್ಕದಲ್ಲಿ ಬೆಂಕಿಯ ಝಳಕ್ಕೆ ಮುಖವೊಡ್ಡಿ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಒಲಿಯುತ್ತಿದ್ದ ವಿದ್ಯೆ. ಕನ್ನಡ, ಉರ್ದು, ತೆಲುಗು, ಮರಾಠಿ ಭಾಷೆಗಳು ಕೂಡಿ ಆಡುವ ಈ ನಾಡಿನ ಕಾರ್ಮಿಕರು, ರೈತಾಪಿ ಮನೆಗಳಿಂದ ಬಂದವರು, ಅದನ್ನು ಕಲಿತರೆಂಬುದು ಈ ಸೀಮೆಯ ಚರಿತ್ರೆಯಲ್ಲಿ ಬರೆದಿಡತಕ್ಕ ಮಾತು.

ಬರ್ನರನ ಕಣ್ಣಿಗೆ ಬೆಂಬಲವಾಗಿ ಎರಡು ಪರೀಕ್ಷೆಗಳಿದ್ದವು. ಹೊರಬಿದ್ದ ಕ್ಲಿಂಕರನ್ನು ಜರಡಿಯಾಡಿಸಿ, ಗೊತ್ತಾದ ಗಾತ್ರದ ಹರಳನ್ನು ಒಂದು ಲೀಟರಿನ ಪಾತ್ರೆಗೆ ತುಂಬಿ ತೂಗುವುದು ಒಂದು. ಸುಮಾರು 1200ರಿಂದ 1350 ಗ್ರಾಂ ತೂಗಿದರೆ ಬೇಯುವಿಕೆ ಹದವಾಗಿದೆಯೆಂದರ್ಥ. ಹಗುರವಾದರೆ ಬೆಂದಿಲ್ಲ, ಅತಿ ಭಾರವಾದರೆ ಮಿತಿಮೀರಿ ಬೆಂದಿದೆ. ಕ್ಲಿಂಕರನ್ನು ಅರೆದು, ಕೂಡದೆ ಉಳಿದ ಬಿಡಿಸುಣ್ಣವೆಷ್ಟೆಂದು ರಸಾಯನಶಾಲೆಯಲ್ಲಿ ತಿಳಿಯುವುದು ಇನ್ನೊಂದು. ಶಾಖವನ್ನು ಅಂಕಿಯಲ್ಲಿ ಹೇಳುವ ಉಪಕರಣವೂ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಸಿದ್ಧವಾಗಿತ್ತು. ಫ್ರಾನ್ಸಿನ ಆನ್ರಿ ಲ ಶಾತೆಲಿಯೆ 1880ರ ದಶಕದಲ್ಲಿ ಪ್ಲಾಟಿನಮ್ ತಂತಿಯನ್ನೂ ಪ್ಲಾಟಿನಮ್-ರೋಡಿಯಮ್ ಮಿಶ್ರಲೋಹದ ತಂತಿಯನ್ನೂ ಬೆಸೆದು, ಆ ಬೆಸುಗೆ ಕಾದಾಗ ಹುಟ್ಟುವ ವಿದ್ಯುತ್ತಿನಿಂದ ಉಗ್ರಶಾಖವನ್ನು ಅಳೆಯುವ ಮಾರ್ಗವನ್ನು ತೋರಿಸಿದನು. ಸಿಮೆಂಟಿನ ಒಳರಚನೆಯನ್ನು ಶೋಧಿಸಿ 1887ರಲ್ಲಿ ಪ್ರಬಂಧ ಬರೆದವನೂ ಆತನೇ.

ಸಿದ್ಧವಾದ ಸಿಮೆಂಟಿನ ಪರೀಕ್ಷೆಗಳಲ್ಲಿ ಆತನ ಹೆಸರೂ ವಿಕಾನ ಹೆಸರೂ ಇಂದಿಗೂ ಜೀವಂತವಾಗಿವೆ. ಲ ಶಾತೆಲಿಯೆಯ ಅಚ್ಚು ಮೂವತ್ತು ಮಿಲಿಮೀಟರ್ ಎತ್ತರದ, ಒಂದು ಕಡೆ ಸೀಳಿದ ಸಣ್ಣ ಹಿತ್ತಾಳೆ ಬಳೆ. ಸೀಳಿನ ಎರಡು ಬದಿಗೂ ಎರಡು ಉದ್ದ ಕಡ್ಡಿಗಳು. ಸಿಮೆಂಟು ತುಂಬಿ, ನೀರಿನಲ್ಲಿಟ್ಟು, ಬಳಿಕ ಕುದಿಸಿದಾಗ ಒಳಗೆ ಬಿಡಿಸುಣ್ಣವಿದ್ದರೆ ಬಳೆ ಹಿಗ್ಗಿ ಕಡ್ಡಿಗಳ ತುದಿ ದೂರವಾಗುತ್ತದೆ. ಆ ಅಂತರ 10 ಮಿಲಿಮೀಟರನ್ನು ಮೀರಕೂಡದು. ಗೋಡೆಯೊಳಗೆ ತಿಂಗಳುಗಳ ಮೇಲೆ ಆಗಬಹುದಾದ ಅನಾಹುತವನ್ನು ಒಂದೆರಡು ದಿನಗಳಲ್ಲಿ ಕಣ್ಣಮುಂದೆ ತರುವ ಉಪಾಯವಿದು. ವಿಕಾನ ಸೂಜಿ ಒಂದು ಚದರ ಮಿಲಿಮೀಟರ್ ಮೊನೆಯದು. 300 ಗ್ರಾಂ ಭಾರದಿಂದ ಅದು ಕಲಸಿದ ಸಿಮೆಂಟಿನೊಳಕ್ಕೆ ಇಳಿಯುತ್ತದೆ. ಅಚ್ಚಿನ ತಳಕ್ಕೆ ಐದು ಮಿಲಿಮೀಟರ್ ಇರುವಲ್ಲಿ ಅದು ನಿಂತಾಗ ಗಟ್ಟಿಯಾಗುವಿಕೆ ಆರಂಭವಾಯಿತೆಂದು ಲೆಕ್ಕ. ಅದು ಮೂವತ್ತು ನಿಮಿಷಕ್ಕಿಂತ ಮುಂಚೆ ಆಗಕೂಡದು. ವಿಕಾನ ಮಗನು 1853ರಲ್ಲಿ ಸ್ಥಾಪಿಸಿದ ಫ್ರೆಂಚ್ ಕಂಪನಿಯ ಬಳಗಕ್ಕೆ ಸೇರಿದ ಕಾರ್ಖಾನೆಯೊಂದು ಇಂದು ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ನಡೆಯುತ್ತಿದೆ.

ಸ್ವಾತಂತ್ರ್ಯಾನಂತರ ಇಂತಹ ಪರೀಕ್ಷೆಗಳಿಗೆಲ್ಲ ದೇಶೀಯ ಮಾನದಂಡ ಬಂದಿತು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು; 1951ರಲ್ಲಿ ಸಿಮೆಂಟಿನ ಮಾನಕವಾದ ಐ.ಎಸ್. 269 ಪ್ರಕಟವಾಯಿತು. ಬಲದ ಪರೀಕ್ಷೆಗೆ ಬೇಕಾದ ಮರಳನ್ನು ಇಂಗ್ಲೆಂಡಿನಿಂದ ತರಿಸುತ್ತಿದ್ದುದು ನಿಂತು, 1960ರ ದಶಕದಲ್ಲಿ ಮದರಾಸಿನ ಬಳಿಯ ಎನ್ನೂರಿನ ಮರಳೇ ಭಾರತದ ಪ್ರಮಾಣವಾಯಿತು. ಅಳತೆಗೋಲೇ ಪರದೇಶದ್ದಾಗಿರುವಷ್ಟು ಕಾಲ ಉದ್ಯಮ ಪೂರ್ತಿ ಸ್ವದೇಶಿಯಾಗಲಾರದೆಂಬ ವಿವೇಕ ಇದರಲ್ಲಿದೆ.

ಆದರೂ ಮೂಲಭೂತವಾದ ಒಂದು ಕೊರತೆ ಉಳಿದಿತ್ತು. ಸಿಮೆಂಟಿನ ಬಲವನ್ನು ಮೂರನೆಯ ದಿನಕ್ಕೆ, ಏಳನೆಯ ದಿನಕ್ಕೆ, ಕಡೆಗೆ ಇಪ್ಪತ್ತೆಂಟನೆಯ ದಿನಕ್ಕೆ ಪರೀಕ್ಷಿಸುತ್ತಾರೆ. ಅಷ್ಟರಲ್ಲಿ ಆ ಸಿಮೆಂಟು ರೈಲು ಹತ್ತಿ, ಊರು ಸೇರಿ, ಅಣೆಕಟ್ಟಿನಲ್ಲೋ ಮನೆಯಲ್ಲೋ ಬಂಧಿಯಾಗಿರುತ್ತದೆ. ಪರಮ ಸತ್ಯ ತಿಳಿಯುವ ಹೊತ್ತಿಗೆ ಏನನ್ನೂ ಮಾಡುವಂತಿಲ್ಲ. ಆದುದರಿಂದ ಕೊನೆಯ ಪರೀಕ್ಷೆಯ ಫಲವನ್ನು ಮೊದಲ ಪ್ರವಾಹದಲ್ಲಿಯೇ ಊಹಿಸಬಲ್ಲ ಅಳತೆಗಳನ್ನು ಹುಡುಕುವುದೇ ಈ ಉದ್ಯಮದ ವಿಜ್ಞಾನವಾಯಿತು. ಅಮೆರಿಕದ ಬೋಗ್ 1929ರಲ್ಲಿ, ನಾಲ್ಕು ಆಕ್ಸೈಡುಗಳ ಪ್ರಮಾಣ ಗೊತ್ತಿದ್ದರೆ ಕ್ಲಿಂಕರಿನ ನಾಲ್ಕು ಮುಖ್ಯ ಸಂಯುಕ್ತಗಳನ್ನು ಲೆಕ್ಕ ಹಾಕುವ ಸೂತ್ರಗಳನ್ನು ಕೊಟ್ಟನು. ಬ್ಲೇನ್ ಎಂಬವನು 1940ರ ದಶಕದಲ್ಲಿ, ಸಿಮೆಂಟಿನ ಪುಡಿಯ ಮೂಲಕ ಗಾಳಿ ಹಾಯಲು ಹಿಡಿಯುವ ಹೊತ್ತಿನಿಂದ ಅದರ ನುಣುಪನ್ನು ಅಳೆಯುವ ಉಪಕರಣವನ್ನು ಮಾಡಿದನು. ಇಪ್ಪತ್ತೆಂಟು ದಿನದ ಉತ್ತರದ ಬಹುಭಾಗ ಹೀಗೆ ಕೆಲವು ಗಂಟೆಗಳೊಳಗೆ ದೊರೆಯುವಂತಾಯಿತು.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ, ಈ ಸೀಮೆಯ ಉದ್ಯಮ ವೇಗವಾಗಿ ಬೆಳೆಯಿತು. ಶಹಾಬಾದಿನಲ್ಲಿ ಎ.ವಿ.ಬಿ. ಎಂಬ ಕಾರ್ಖಾನೆ ಬಾಯ್ಲರುಗಳನ್ನೂ ಸಿಮೆಂಟು ಯಂತ್ರಗಳನ್ನೂ ತಯಾರಿಸತೊಡಗಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ.ಯ ಕಾರ್ಖಾನೆ, 1972ರಲ್ಲಿ ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಸರಕಾರಿ ಉದ್ಯಮವಾದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಅನಂತರ ಚಿತ್ತಾಪುರದಲ್ಲೂ ಕೋಡ್ಲಾದಲ್ಲೂ ಚಿಂಚೋಳಿಯಲ್ಲೂ ಹೊಸ ಕಾರ್ಖಾನೆಗಳು ಎದ್ದವು. ಶಹಾಬಾದಿನ ಹಳೆಯ ಕಾರ್ಖಾನೆ ಕೈ ಬದಲಾಗಿ ಕಡೆಗೆ ನಿಂತುಹೋಯಿತು, ಕುರಕುಂಟಾದ್ದೂ ನಿಂತಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ವಾಡಿಯಲ್ಲಿ ಅಂದಿನ ಭಾರತದ ಅತಿದೊಡ್ಡ ಕಿಲ್ನುಗಳಲ್ಲಿ ಒಂದು ಉರುಳತೊಡಗಿತು.

ಈ ಹೊಸ ಪೀಳಿಗೆಯ ಕಾರ್ಖಾನೆಗಳು ಶುಷ್ಕವಿಧಾನದವು. ನೀರಿಲ್ಲದೆ ಅರೆದ ಪುಡಿ ಎತ್ತರದ ಗೋಪುರದ ಸೈಕ್ಲೋನುಗಳಲ್ಲಿ ಬಿಸಿಗಾಳಿಯನ್ನು ಎದುರುಗೊಂಡು ಕಾದು ಕಿಲ್ನಿಗೆ ಇಳಿಯುವುದರಿಂದ, ಆರ್ದ್ರವಿಧಾನಕ್ಕೆ ಬೇಕಾಗುತ್ತಿದ್ದ ಶಾಖದಲ್ಲಿ ಸುಮಾರು ಅರ್ಧಭಾಗ ಸಾಕಾಗುತ್ತದೆ. ಕಲ್ಲಿದ್ದಲಿನ ಉಳಿತಾಯ ದೊಡ್ಡದು. ಆದರೆ ತೊಟ್ಟಿಯಲ್ಲಿ ತಂಗಿ ಕಾಯುತ್ತಿದ್ದ ಆ ಬಿಡುವು ಹೋಯಿತು. ಗೋಪುರದ ನೆತ್ತಿಯಿಂದ ಬುಡಕ್ಕೆ ಪುಡಿ ಇಳಿಯುವುದು ಒಂದು ನಿಮಿಷದೊಳಗೆ. ಬ್ಯುರೆಟ್ಟಿನ ವೇಗ ಇದಕ್ಕೆ ಸಾಲದಾಯಿತು. ಶುಷ್ಕವಿಧಾನ ನೆಲೆಯೂರುವುದಕ್ಕೆ ವೇಗವಾದ ಅಳತೆ ಹುಟ್ಟಬೇಕಾಯಿತು.

ಅದನ್ನು ಕೊಟ್ಟುದು ಎಕ್ಸ್‌ರೇ. ಪ್ರತಿಯೊಂದು ಮೂಲಧಾತುವೂ ತನ್ನದೇ ಆದ ಗೊತ್ತಾದ ಎಕ್ಸ್‌ಕಿರಣವನ್ನು ಹೊರಸೂಸುತ್ತದೆಂದೂ, ಅದು ಪರಮಾಣುಸಂಖ್ಯೆಯನ್ನು ಅನುಸರಿಸುತ್ತದೆಂದೂ 1913ರಲ್ಲಿ ತೋರಿಸಿದ ಇಂಗ್ಲೆಂಡಿನ ಹೆನ್ರಿ ಮೋಸ್ಲೆ, ಎರಡು ವರ್ಷಗಳ ತರುವಾಯ ಗಲಿಪೊಲಿಯ ಯುದ್ಧದಲ್ಲಿ ಇಪ್ಪತ್ತೇಳನೆಯ ವಯಸ್ಸಿಗೆ ಮಡಿದನು. ಆ ತತ್ತ್ವದ ಮೇಲೆ ನಿಂತ ಉಪಕರಣದಲ್ಲಿ, ನುಣ್ಣಗೆ ಅರೆದ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಇಟ್ಟರೆ, ಕ್ಯಾಲ್ಸಿಯಂ, ಸಿಲಿಕಾನ್, ಅಲ್ಯುಮಿನಿಯಂ, ಕಬ್ಬಿಣ ಇವುಗಳ ಪ್ರಮಾಣ ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ತಿಳಿಯುತ್ತದೆ. ಹಿಂದೆ ಪೂರ್ಣ ವಿಶ್ಲೇಷಣೆಗೆ ರಸಾಯನಜ್ಞನ ಇಡೀ ದಿನ ಬೇಕಾಗಿತ್ತು. ಈಚಿನ ದಶಕಗಳಲ್ಲಿ ಬಂದ ಇನ್ನೊಂದು ಉಪಕರಣ ಸ್ಯಾಂಪಲನ್ನೇ ಕೇಳುವುದಿಲ್ಲ: ಕಲ್ಲು ಸಾಗುವ ಕನ್ವೇಯರ್ ಬೆಲ್ಟಿನ ಸುತ್ತ ಚೌಕಟ್ಟಿನಂತೆ ಕುಳಿತು, ಕ್ಯಾಲಿಫೋರ್ನಿಯಂ ಧಾತುವಿನಿಂದ ಹೊರಡುವ ನ್ಯೂಟ್ರಾನುಗಳನ್ನು ಕಲ್ಲಿನೊಳಕ್ಕೆ ಹಾಯಿಸಿ, ಪರಮಾಣುಬೀಜಗಳು ಮರುನುಡಿಯುವ ಗಾಮಾ ಕಿರಣಗಳಿಂದ ಹರಿಯುವ ಕಲ್ಲಿನ ಇಡೀ ರಾಶಿಯನ್ನು ನಿಮಿಷನಿಮಿಷಕ್ಕೂ ಓದುತ್ತದೆ.

ಹೊಗೆಯ ಪರೀಕ್ಷೆಯಲ್ಲೂ ಇದೇ ಪ್ರಗತಿ. ಹಿಂದೆ ಆರ್ಸಾಟ್ ಎಂಬ ಗಾಜಿನ ಸಾಧನದಲ್ಲಿ ಕಿಲ್ನಿನ ಅನಿಲವನ್ನು ಹಿಡಿದು, ಒಂದಾದಮೇಲೊಂದು ದ್ರಾವಣದಲ್ಲಿ ತೊಳೆದು, ಅಂಗಾರಾಮ್ಲ, ಆಮ್ಲಜನಕ, ಕಾರ್ಬನ್ ಮೋನಾಕ್ಸೈಡುಗಳ ಪ್ರಮಾಣವನ್ನು ಕಂಡುಹಿಡಿಯುತ್ತಿದ್ದರು. ಇಂದು ಅಳೆಯುವ ಉಪಕರಣದ ಕೊಳವೆ ಕಿಲ್ನಿನ ಹಿಂಬದಿಯಲ್ಲಿಯೇ ಇದ್ದು ಅನಿಲವನ್ನು ಎಡೆಬಿಡದೆ ಸೆಳೆಯುತ್ತದೆ. ಮೋನಾಕ್ಸೈಡು ಏರಿದರೆ ಕಲ್ಲಿದ್ದಲು ಅರೆಬೆಂದು ಹೋಗುತ್ತಿದೆಯೆಂದರ್ಥ. ಇನ್ನೂ ಏರಿದರೆ, ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಯಂತ್ರದಲ್ಲಿ ಕಿಡಿ ತಗುಲಿ ಸ್ಫೋಟವಾದೀತೆಂಬ ಭಯದಿಂದ ಆ ಯಂತ್ರದ ವಿದ್ಯುತ್ತು ತಾನಾಗಿ ಕಡಿದುಹೋಗುತ್ತದೆ. ಆ ಹೊತ್ತಿಗೆ ಚಿಮಣಿಯಿಂದ ಧೂಳು ಹೊರನುಗ್ಗುತ್ತದೆ. ಒಳಗಿನ ಅಳತೆ ತಪ್ಪಿದರೆ ಹೊರಗಿನ ಊರು ಅದರ ಫಲವನ್ನು ಉಣ್ಣಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬರ್ನರನ ಸ್ಥಾನವನ್ನು ಈಗ ಕಂಟ್ರೋಲ್ ರೂಮಿನ ಪರದೆ ತೆಗೆದುಕೊಂಡಿದೆ. ಆತನ ವಿದ್ಯೆ ಮರೆಯಾಗಬಾರದೆಂದು ಹಾರೈಸುವಾಗಲೂ, ಆ ಬದಲಾವಣೆಯನ್ನು ನಾನು ನಷ್ಟವೆಂದು ಎಣಿಸಲಾರೆ. ಬೆಂಕಿಯ ಬಾಯಲ್ಲಿ ನಿಂತು ಕಣ್ಣು ಬೇಯಿಸಿಕೊಳ್ಳುವುದು ಯಾವ ಮನುಷ್ಯನಿಗೂ ವಿಧಿಸತಕ್ಕ ಬಾಳಲ್ಲ. ಆದರೆ ಸುಣ್ಣದ ಭಟ್ಟಿಯಿಂದ ನ್ಯೂಟ್ರಾನಿನವರೆಗಿನ ಈ ದಾರಿಯುದ್ದಕ್ಕೂ ಕಾಣುವ ಪಾಠ ಒಂದೇ: ತಿದ್ದಲು ಸಮಯವಿರುವಾಗ ದೊರೆತ ಅರಿವೇ ಅರಿವು, ಮತ್ತು ಆ ಅರಿವು ತಿದ್ದಬಲ್ಲವನ ಕೈಗೆ ತಲುಪಬೇಕು. ಭಟ್ಟಿ ಆರಿದ ಮೇಲಣ ಪರೀಕ್ಷೆ ತೊಟ್ಟಿಗೆ ಬಂದಿತು, ತೊಟ್ಟಿಯಿಂದ ಮಿಲ್ಲಿನ ಬಾಯಿಗೆ ಬಂದಿತು, ಮಿಲ್ಲಿನಿಂದ ಬೆಲ್ಟಿಗೆ ಬಂದಿತು. ಪ್ರತಿ ಹೆಜ್ಜೆಯಲ್ಲೂ ತಿಳಿಯುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರ ಕುಗ್ಗಿತು.

ಈ ಪಾಠ ಇನ್ನೂ ಕಾರ್ಖಾನೆಯ ಕಾಂಪೌಂಡಿನ ಹೊರಕ್ಕೆ ಪೂರ್ತಿ ಬಂದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೆಚ್ಚು ಮಾಲಿನ್ಯ ಮಾಡುವ ಹದಿನೇಳು ಬಗೆಯ ಉದ್ಯಮಗಳಲ್ಲಿ ಸಿಮೆಂಟನ್ನೂ ಸೇರಿಸಿದೆ. ಚಿಮಣಿಗಳಲ್ಲಿ ನಿರಂತರವಾಗಿ ಅಳೆದ ಅಂಕಿಗಳು ಮಂಡಳಿಗೆ ನೇರವಾಗಿ ತಲುಪಬೇಕೆಂದು 2014ರಲ್ಲಿ ಆಜ್ಞೆ ಮಾಡಿದೆ. ಹೊಸ ಕಾರ್ಖಾನೆಗಳ ಹೊಗೆಯಲ್ಲಿ ಘನಮೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಧೂಳು ಇರಕೂಡದೆಂಬ ಮಿತಿಯೂ ಇದೆ. ಒಳ್ಳೆಯ ಕ್ರಮಗಳಿವು. ಆದರೆ ತೊಗರಿಯ ಹೂವಿನ ಮೇಲೆ ಧೂಳು ಕೂತಿತೋ ಇಲ್ಲವೋ ಎಂದು ನೋಡುವ ರೈತನಿಗೆ, ಬಾವಿಯ ನೀರನ್ನು ಸೇದುವ ಹೆಣ್ಣುಮಗಳಿಗೆ, ಕೆಮ್ಮುವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುವ ತಂದೆಗೆ ಆ ಅಂಕಿಗಳನ್ನು ಓದಲು ಸುಲಭವಾದ ದಾರಿ ಇರಬೇಕು. ಕಲ್ಲಿನಲ್ಲಿ ನೂರಕ್ಕೊಂದು ಭಾಗ ಸುಣ್ಣ ತಪ್ಪಿದರೆ ತಿಳಿಯಬಲ್ಲ ವಿದ್ಯೆ, ಊರಿನ ಗಾಳಿಯನ್ನೂ ನೀರನ್ನೂ ಅಷ್ಟೇ ನಿಷ್ಠೆಯಿಂದ ಅಳೆಯಬಲ್ಲದು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಗೋಡೆಯ ಮೇಲೆ, ಕನ್ನಡದಲ್ಲಿ, ದಿನದಿನದ ಧೂಳಿನ ಅಂಕಿಯನ್ನೂ ನೀರಿನ ಗುಣವನ್ನೂ ಬರೆದು ತೋರಿಸುವ ಏರ್ಪಾಡು ಆಗಬೇಕು; ಅದನ್ನು ಓದಿ ಪ್ರಶ್ನಿಸುವ ಅಭ್ಯಾಸ ಜನರಲ್ಲಿ ಬೆಳೆಯಬೇಕು. ಹಾಗೆಯೇ ಶಹಾಬಾದಿನ, ಕುರಕುಂಟಾದ ರಸಾಯನಶಾಲೆಗಳ ಹಳೆಯ ರಿಜಿಸ್ಟರುಗಳು ಎಲ್ಲಿಯಾದರೂ ಉಳಿದಿದ್ದರೆ, ಅವುಗಳನ್ನು ರದ್ದಿಗೆ ಹಾಕದೆ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬೇಕೆಂದು ಅವು ಯಾರ ವಶದಲ್ಲಿವೆಯೋ ಅವರಲ್ಲಿ ನನ್ನ ವಿನಂತಿ. ಈ ನಾಡಿನ ಕಾರ್ಮಿಕರು ಹಗಲಿರುಳು ಅಳೆದು ಬರೆದ ಆ ಅಂಕಿಗಳು ನಮ್ಮ ಚರಿತ್ರೆಗೆ ಸೇರಿದ ದಾಖಲೆಗಳು.